ಕಿಟ್ಟದ ಸಾಕ್ಷಿ

ಸತ್ತವರನ್ನು ಕುರಿತು ಕೆಟ್ಟ ಮಾತು ಆಡಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಮರ್ಯಾದೆ. ನಿನ್ನೆಯವರೆಗೆ ಬೇಲಿಯ ಗೂಟಕ್ಕಾಗಿ ಜಗಳವಾಡುತ್ತಿದ್ದವನನ್ನೂ ಅವನು ಸತ್ತ ದಿನ 'ಪುಣ್ಯಾತ್ಮ' ಎನ್ನುತ್ತೇವೆ. ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಸತ್ತವರನ್ನು ಕುರಿತು ನಿಜವಲ್ಲದ ಒಳ್ಳೆಯ ಮಾತನ್ನು ಆಡಬಹುದೆ? ಅವರು ಮಾಡಿದ್ದಕ್ಕಿಂತ ಹೆಚ್ಚಿನದನ್ನು ಮಾಡಿದರೆಂದೊ, ಮಾಡಿದ ಕಾಲಕ್ಕಿಂತ ಬಹಳ ಮುಂಚೆಯೇ ಮಾಡಿದರೆಂದೊ ಹೇಳಿದರೆ ತಪ್ಪೇನು? ಮೂರು ವರ್ಷದ ಹಿಂದೆ ತೀರಿಕೊಂಡವರಾದರೆ ಹೆಂಡತಿ ಮಕ್ಕಳಿರುತ್ತಾರೆ, ಕಾಗದಪತ್ರಗಳಿರುತ್ತವೆ. ಸುಳ್ಳನ್ನು ತಡೆಯಲು ಯಾರಾದರೊಬ್ಬರು ಸಿಕ್ಕುತ್ತಾರೆ. ಮೂರು ಸಾವಿರ ವರ್ಷದ ಹಿಂದೆ ತೀರಿಕೊಂಡವರಿಗೆ ಯಾರಿದ್ದಾರೆ? ಅವರ ಹೆಸರು ತಿಳಿಯದು, ಆಡಿದ ನುಡಿ ತಿಳಿಯದು. ಅವರ ವಿಷಯದಲ್ಲಿ ನಾವು ಏನು ಹೇಳಿದರೂ ಎದ್ದುಬಂದು ಅಲ್ಲವೆನ್ನುವವರಿಲ್ಲ. ಹಾಗಾದರೆ ಅಂಥವರಿಗೆ ನಾವು ಸತ್ಯದ ಋಣವನ್ನು ಸಲ್ಲಿಸಬೇಕಾದದ್ದುಂಟೆ?

ಈ ಪ್ರಶ್ನೆ ನನ್ನ ಮನಸ್ಸಿಗೆ ಬಂದದ್ದು ಕಬ್ಬಿಣದ ದೆಸೆಯಿಂದ. 2025ರ ಜನವರಿ 23ರಂದು ತಮಿಳುನಾಡಿನ ಮುಖ್ಯಮಂತ್ರಿಗಳು ಚೆನ್ನೈಯಲ್ಲಿ ಒಂದು ವರದಿಯನ್ನು ಬಿಡುಗಡೆ ಮಾಡಿದರು. ಪ್ರಾಕ್ತನ ವಿದ್ವಾಂಸರಾದ ಕೆ. ರಾಜನ್ ಮತ್ತು ಆರ್. ಶಿವಾನಂದಂ ಬರೆದದ್ದು. ತೂತ್ತುಕುಡಿ ಜಿಲ್ಲೆಯ ಶಿವಗಳೈ ಎಂಬಲ್ಲಿ ಶವಗಳನ್ನು ಹೂಳುತ್ತಿದ್ದ ಗುಡಾಣಗಳ ಜೊತೆಗೆ ಕಬ್ಬಿಣದ ಸಾಮಾನು ಸಿಕ್ಕಿದೆ. ಜೊತೆಯಲ್ಲಿದ್ದ ಇದ್ದಿಲನ್ನೂ ಮಡಕೆಯ ಚೂರುಗಳನ್ನೂ ಪರೀಕ್ಷಿಸಿದಾಗ ಕ್ರಿ.ಪೂ. 3345ರವರೆಗೆ ಹಿಂದಕ್ಕೆ ಹೋಗುವ ಕಾಲ ಬಂದಿದೆ. ಎಂದರೆ ಈ ಕಡೆಯ ಜನ ಐದು ಸಾವಿರ ವರ್ಷಕ್ಕೂ ಹಿಂದೆ ಕಬ್ಬಿಣ ಬಲ್ಲವರಾಗಿದ್ದರು ಎಂಬುದು ಅದರ ಸಾರ.

ನಾನಿರುವುದು ಮೈಸೂರಿನ ಮೇಟಗಳ್ಳಿಯಲ್ಲಿ. ಹಿಂದೆ ಬೇರೆಯ ಹಳ್ಳಿಯಾಗಿದ್ದು ಈಗ ಊರೊಳಗೆ ಸೇರಿಹೋಗಿರುವ ಜಾಗ. ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆ ಹತ್ತಿರದಲ್ಲೇ ಹಾದುಹೋಗುತ್ತದೆ, ಸುತ್ತ ಕಾರ್ಖಾನೆಗಳ ಪ್ರದೇಶ. ನಮ್ಮ ನೆರೆಹೊರೆಯವರಲ್ಲಿ ಎಷ್ಟೋ ಮಂದಿ ಒಂದಲ್ಲ ಒಂದು ರೀತಿಯಲ್ಲಿ ಕಬ್ಬಿಣ ಮುಟ್ಟಿ ಅನ್ನ ಉಂಡವರು. ಲೇತಿನ ಮುಂದೆ ನಿಂತು ನಿವೃತ್ತರಾದವರುಂಟು, ಬೀದಿಯ ತಿರುವಿನಲ್ಲಿ ಗೇಟು ಕಿಟಕಿ ಮಾಡಿಕೊಡುವವರುಂಟು. ಆದಕಾರಣ ಆ ಸುದ್ದಿ ಬಂದ ದಿನ ನಮ್ಮಲ್ಲಿ ಅದು ಕ್ರಿಕೆಟ್ಟಿನ ಸುದ್ದಿಯಷ್ಟೇ ಬಿಸಿಯಾಗಿತ್ತು. ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಪಕ್ಕದ ಬೀದಿಯ ರಾಯರು ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಬಂದರು. "ನೋಡಿದಿರಾ ಸ್ವಾಮಿ, ಅವರು ಐದು ಸಾವಿರ ವರ್ಷ ಎಂದುಬಿಟ್ಟರು. ನಮ್ಮವರೇನು ನಿದ್ದೆ ಮಾಡುತ್ತಿದ್ದಾರೆಯೆ? ನಮ್ಮ ಕಡೆಯೂ ಅಗೆದರೆ ಆರು ಸಾವಿರ ಬಾರದೆ ಇದ್ದೀತೆ?" ಎಂದರು. ಗೇಟು ಮಾಡುವ ಅಂಗಡಿಯವರು ಅಲ್ಲಿಯೇ ಇದ್ದರು. ಅವರ ಅಜ್ಜ ಹಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದವರಂತೆ. ಅವರು ನಕ್ಕು, "ಯಾವಾಗ ಮಾಡಿದ್ರೇನು ಸಾರ್, ಸುತ್ತಿಗೆ ಹೊಡೆದೋನ ತೋಳು ನೋಯೋದು ಒಂದೇ ಥರ" ಎಂದರು.

ಇಬ್ಬರೂ ದೊಡ್ಡ ಮಾತನ್ನೇ ಆಡಿದರೆಂದು ನನಗೆ ತೋರಿತು. ರಾಯರಿಗೆ ಕಾಲವೇ ಮುಖ್ಯ. ಅದು ಹೆಚ್ಚಿದಷ್ಟೂ ಹಿರಿಮೆ. ಅಂಗಡಿಯವರಿಗೆ ಕಾಲದ ಗೊಡವೆಯೇ ಬೇಡ. ಕಾಲವನ್ನು ಅಳೆಯುವ ವಿಜ್ಞಾನಿ ಈ ಇಬ್ಬರ ನಡುವೆ ಎಲ್ಲಿ ನಿಲ್ಲುತ್ತಾನೆಂಬುದನ್ನು ನೋಡಬೇಕಾದರೆ, ನಮ್ಮದೇ ನಾಡಿನಲ್ಲಿ ಕಬ್ಬಿಣದ ವಯಸ್ಸು ಹೇಗೆ ಹೇಗೆ ಬದಲಾಯಿತೆಂಬುದನ್ನು ಮೊದಲು ತಿಳಿಯಬೇಕು.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಒಂದು ಉತ್ತರವಿತ್ತು. ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಹಳೆಯ ಗೋರಿಗಳನ್ನು ಕೆಲವೆಡೆ ಪಾಂಡವರವೆಂದೂ, ಕೆಲವೆಡೆ 'ಮೋರಿಯರ ಮನೆ' ಎಂದೂ ಕರೆಯುತ್ತಾರೆ. ಆ ಗೋರಿಗಳೊಳಗೆ ಕಬ್ಬಿಣದ ಕತ್ತಿ, ಈಟಿ, ಕೊಡಲಿ, ಬಾಣದ ಮೊನೆಗಳು ಸಿಕ್ಕುತ್ತವೆ. ಯಾರು ಮಾಡಿದರೆಂದು ತಿಳಿಯದಿದ್ದಾಗ ಹೆಸರಾದವರ ತಲೆಗೆ ಕಟ್ಟುವುದು ಮನುಷ್ಯನ ಹಳೆಯ ಅಭ್ಯಾಸ. ಇದರಿಂದ ಮಾಡಿದವನ ಗುರುತು ಅಳಿಸಿಹೋಗುತ್ತದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡರು. ಮುಂದೆ ಮೈಸೂರಿನ ಪ್ರಾಕ್ತನ ಇಲಾಖೆಯ ಮುಖ್ಯರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆಸಿ ನೋಡಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬಂದು ಆ ಎರಡು ಕಡೆಯೂ ಪದರ ಪದರವಾಗಿ ಬಿಡಿಸಿದರು. ಆಗ ಕಾಲವನ್ನು ಗೊತ್ತುಮಾಡುವ ಬಗೆ ನಮ್ಮ ಪಟೇಲರು ಊರಿನ ಹುಡುಗರ ವಯಸ್ಸನ್ನು ಗೊತ್ತುಮಾಡುತ್ತಿದ್ದ ಬಗೆಯೇ: 'ಪ್ಲೇಗು ಬಂದ ವರ್ಷದ ಹಿಂದುಮುಂದು ಹುಟ್ಟಿದವನು' ಎಂಬಂತೆ, ತಿಳಿದದ್ದರಿಂದ ತಿಳಿಯದ್ದಕ್ಕೆ ಗಂಟು ಹಾಕುವುದು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್ಸಿನ ನಾಣ್ಯ ಸಿಕ್ಕಿತ್ತು. ಅದರ ಕಾಲ ತಿಳಿದಿತ್ತು. ಆ ಪದರಕ್ಕೆ ಮುಂಚಿನದು ಕಬ್ಬಿಣದ ಗೋರಿಗಳವರ ಪದರ. ಲೆಕ್ಕ ಹಾಕಿ, ಗೋರಿಗಳವರು ಕ್ರಿ.ಪೂ. ಎರಡನೆಯ ಶತಮಾನದಿಂದ ಕ್ರಿ.ಶ. ಒಂದನೆಯ ಶತಮಾನದ ನಡುವಿನವರೆಗೆ ಇದ್ದವರೆಂದು ವ್ಹೀಲರ್ ಹೇಳಿದರು. ಕಬ್ಬಿಣ ದಕ್ಷಿಣಕ್ಕೆ ತಡವಾಗಿ, ಉತ್ತರದ ದೊಡ್ಡ ರಾಜ್ಯದ ಸಂಪರ್ಕದಿಂದ ಬಂದಿತೆಂಬ ನಂಬಿಕೆಗೆ ಅದು ಸರಿಯಾಗಿ ಹೊಂದಿಕೊಂಡಿತು.

ಎರಡು ವರ್ಷ ಕಳೆಯುವುದರೊಳಗೆ, 1949ರಲ್ಲಿ, ಅಮೆರಿಕದ ವಿಲರ್ಡ್ ಲಿಬ್ಬಿ ಇಂಗಾಲದಿಂದ ಕಾಲವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಅದಕ್ಕಾಗಿ 1960ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆಸಿದರು. ಅಂದಿನ ಧಾರವಾಡ ಜಿಲ್ಲೆ, ಈಗಿನ ಹಾವೇರಿ. ಕಲ್ಲಿನ ಕೊಡಲಿಯ ಜನರ ಪದರ ಮುಗಿಯುವಲ್ಲಿಯೇ ಕಬ್ಬಿಣ ಕಾಣಿಸಿಕೊಂಡಿತ್ತು. ಅಲ್ಲಿನ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಹೋಯಿತು. ಬಂದ ಉತ್ತರ: ಕ್ರಿ.ಪೂ. ಸುಮಾರು 1000. ಹಿಡಿಯಷ್ಟು ಇದ್ದಿಲು ದಕ್ಷಿಣದ ಕಬ್ಬಿಣವನ್ನು ಏಳೆಂಟು ನೂರು ವರ್ಷ ಹಿಂದಕ್ಕೆ ಒಯ್ದಿತು. ಮುಂದೆ ದಾವಣಗೆರೆ ಜಿಲ್ಲೆಯ ಕೊಮಾರನಹಳ್ಳಿಯ ಮಡಕೆ ಚೂರುಗಳನ್ನು ಬೇರೊಂದು ಕ್ರಮದಿಂದ ಪರೀಕ್ಷಿಸಿದಾಗ ಕ್ರಿ.ಪೂ. ಹನ್ನೆರಡು ಹದಿನಾಲ್ಕನೆಯ ಶತಮಾನದಷ್ಟು ಹಿಂದಿನ ಕಾಲವೂ ಬಂತು.

ವ್ಹೀಲರ್ ಸುಳ್ಳು ಹೇಳಿದವರಲ್ಲ. ಕೈಯಲ್ಲಿದ್ದ ಆಧಾರವನ್ನು ನಿಷ್ಠೆಯಿಂದ ಬಳಸಿದರು. ಆದರೆ ಅವರ ಕಾಲದ ವಿದ್ವಾಂಸರಲ್ಲಿ, ಒಳ್ಳೆಯದೆಲ್ಲ ಹೊರಗಿನಿಂದ ಬಂದಿರಲೇಬೇಕೆಂಬ ಒಂದು ಎಣಿಕೆ ಪ್ರಶ್ನೆಗಿಂತ ಮೊದಲೇ ಕುಳಿತಿತ್ತು. ಇಂದು ನಮ್ಮ ರಾಯರಲ್ಲಿ, ಒಳ್ಳೆಯದೆಲ್ಲ ಇಲ್ಲಿಯೇ ಮೊದಲು ಹುಟ್ಟಿರಲೇಬೇಕೆಂಬ ಎಣಿಕೆ ಹಾಗೆಯೇ ಕುಳಿತಿದೆ. ಒಂದು ಕಾಲವನ್ನು ಕುಗ್ಗಿಸುತ್ತದೆ, ಇನ್ನೊಂದು ಹಿಗ್ಗಿಸುತ್ತದೆ. ಸಾಕ್ಷಿ ಬಾಯಿ ತೆರೆಯುವ ಮೊದಲೇ ತೀರ್ಪು ಬರೆದಿಟ್ಟುಕೊಳ್ಳುವ ದೋಷ ಎರಡರಲ್ಲಿಯೂ ಒಂದೇ.

ಇನ್ನು ಆ ಸಾಕ್ಷಿ ಯಾವುದು, ಅದು ಏನು ಹೇಳಬಲ್ಲದು ಎಂಬುದನ್ನು ನೋಡೋಣ. ಕಬ್ಬಿಣ ಪೂರ್ತಿ ಕರಗಿ ನೀರಾಗುವುದಕ್ಕೆ 1,500 ಸೆಂಟಿಗ್ರೇಡ್ ಡಿಗ್ರಿಗೂ ಮೀರಿದ ಕಾವು ಬೇಕು. ಹಿಂದಿನವರ ಮಣ್ಣಿನ ಒಲೆಯಲ್ಲಿ, ಕೈಯಿಂದ ಕಾಲಿಂದ ತಿದಿ ಒತ್ತಿ, ಸುಮಾರು 1,200 ಡಿಗ್ರಿಯವರೆಗೆ ಕಾವನ್ನು ಏರಿಸುತ್ತಿದ್ದರು. ಅದುರನ್ನೂ ಇದ್ದಿಲನ್ನೂ ಸರದಿಯ ಮೇಲೆ ಒಳಗೆ ಸುರಿಯುವರು. ಆ ಕಾವಿನಲ್ಲಿ ಕಬ್ಬಿಣ ಕರಗುವುದಿಲ್ಲ. ಅದುರಿನ ಕಲ್ಲುಮಣ್ಣಿನ ಅಂಶ ಒಂದಿಷ್ಟು ಕಬ್ಬಿಣವನ್ನೂ ಹೀರಿಕೊಂಡು ಕರಗಿ ಕೆಳಗೆ ಹರಿಯುತ್ತದೆ. ಒಳಗೆ ಉಳಿಯುವುದು ಸ್ಪಂಜಿನಂಥ ಒಂದು ಮುದ್ದೆ. ಅದನ್ನು ಕೆಂಪಗಿರುವಾಗಲೇ ಹೊರಕ್ಕೆಳೆದು ಬಡಿದು ಬಡಿದು ಕಬ್ಬಿಣ ಮಾಡಬೇಕು. ಕೆಳಗೆ ಹರಿದುಹೋದದ್ದು ಆರಿ ಕಪ್ಪಗೆ ಗಟ್ಟಿಯಾಗುತ್ತದೆ. ಅದೇ ಕಿಟ್ಟ.

ವಿಚಿತ್ರವೆಂದರೆ, ಅಷ್ಟು ಕಷ್ಟದಿಂದ ಪಡೆದ ಕಬ್ಬಿಣ ತುಕ್ಕು ಹಿಡಿದು ಮಣ್ಣಾಗಿಹೋಗುತ್ತದೆ. ಬೇಡವೆಂದು ಬಿಸಾಡಿದ ಕಿಟ್ಟ ಸಾವಿರಾರು ವರ್ಷ ಇರುತ್ತದೆ. ಹೊಲ ಉಳುವಾಗ ನೇಗಿಲಿಗೆ ಸಿಕ್ಕುವುದು ಅದೇ. ಅದರ ಗುಳ್ಳೆಗಳೊಳಗೆ ಒಲೆಯ ಇದ್ದಿಲಿನ ತುಣುಕುಗಳು ಸಿಕ್ಕಿಕೊಂಡಿರುವುದುಂಟು. ಅಲ್ಲಿಯೇ ಬಿದ್ದಿರುವ ಬಿಡಿ ಇದ್ದಿಲು ಬೇರೆ ಕಾಲದಲ್ಲಿ, ಇಲಿಯ ಬಿಲದಿಂದಲೊ ಮರದ ಬೇರಿನ ದಾರಿಯಿಂದಲೊ ಬಂದು ಸೇರಿರಬಹುದು. ಕಿಟ್ಟದೊಳಗೆ ಸೆರೆಯಾದ ಇದ್ದಿಲು ಹಾಗಲ್ಲ. ಅದು ಆ ಒಲೆಯದೇ.

ಈ ಸಾಕ್ಷಿಯನ್ನು ವಿಜ್ಞಾನಿ ಮೂರು ಬಗೆಯಲ್ಲಿ ವಿಚಾರಿಸುತ್ತಾನೆ. ಮೊದಲನೆಯದು ಮರದ ಹೇಳಿಕೆ. ಜೀವವಿರುವ ಗಿಡಮರಗಳು ಗಾಳಿಯಿಂದ ಇಂಗಾಲವನ್ನು ತೆಗೆದುಕೊಳ್ಳುತ್ತವೆಯಷ್ಟೆ. ಆ ಇಂಗಾಲದಲ್ಲಿ ಲಕ್ಷ ಕೋಟಿಗೆ ಒಂದರಷ್ಟು ಕಣಗಳು ತಾವಾಗಿಯೇ ಕ್ಷಯಿಸುವ ಜಾತಿಯವು. ಮರ ಬದುಕಿರುವವರೆಗೆ ಹೋದದ್ದು ತುಂಬಿಕೊಳ್ಳುತ್ತದೆ. ಸತ್ತ ಮೇಲೆ ತುಂಬುವುದಿಲ್ಲ. ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ. ಮೂರು ಸಾವಿರ ವರ್ಷಕ್ಕೆ ಹತ್ತರಲ್ಲಿ ಏಳು ಪಾಲು. ಉಳಿದದ್ದನ್ನು ಎಣಿಸಿದರೆ ಕಳೆದ ಕಾಲ ತಿಳಿಯುತ್ತದೆ. ಎರಡನೆಯದು ಮಣ್ಣಿನ ಹೇಳಿಕೆ. ಜೇಡಿಮಣ್ಣಿನಲ್ಲಿರುವ ಬೆಣಚುಕಲ್ಲಿನ ಹರಳುಗಳು ಸುತ್ತಲಿನ ವಿಕಿರಣದಿಂದ ಶಕ್ತಿಯನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟುಕೊಳ್ಳುತ್ತವೆ. ಚೆನ್ನಾಗಿ ಕಾಯಿಸಿದರೆ ಕೂಡಿಟ್ಟದ್ದೆಲ್ಲ ಖಾಲಿಯಾಗಿ ಲೆಕ್ಕ ಸೊನ್ನೆಯಿಂದ ಮೊದಲಾಗುತ್ತದೆ. ಒಲೆಯ ಗೋಡೆಯನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಕಾಯಿಸಿದಾಗ ಹೊರಡುವ ಸಣ್ಣ ಬೆಳಕನ್ನು ಅಳೆದು, ಅದು ಕೊನೆಯ ಸಲ ಉರಿದದ್ದು ಎಂದು ಎಂಬುದನ್ನು ಹೇಳುತ್ತಾರೆ. ಮೂರನೆಯದು ಕಬ್ಬಿಣದ್ದೇ ಹೇಳಿಕೆ. ಇದ್ದಿಲಿನ ಇಂಗಾಲ ಚೂರುಪಾರು ಕಬ್ಬಿಣದೊಳಗೆ ಸೇರಿಕೊಳ್ಳುತ್ತದೆ. ಅದನ್ನು ಹೊರತೆಗೆದು ಅಳೆಯಬಹುದೆಂದು 1960ರ ದಶಕದಲ್ಲಿ ನಿಕೊಲಾಸ್ ಫಾನ್ ಡರ್ ಮರ್ವ ಎಂಬ ವಿದ್ವಾಂಸರು ತೋರಿಸಿಕೊಟ್ಟರು.

ಮೂವರು ಸಾಕ್ಷಿಗಳು, ಮೂರು ಹೇಳಿಕೆ. ಒಬ್ಬರೂ ಮನುಷ್ಯನ ವಿಷಯವನ್ನು ನೇರವಾಗಿ ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಮರ ತಾನು ಬೆಳೆದ ಕಾಲವನ್ನು ಹೇಳುತ್ತದೆ, ಉರಿದ ಕಾಲವನ್ನಲ್ಲ. ಮುನ್ನೂರು ವರ್ಷದ ಮರದ ತಿರುಳನ್ನು ಸುಟ್ಟು ಇದ್ದಿಲು ಮಾಡಿದ್ದರೆ, ಒಲೆ ಹಚ್ಚಿದ ದಿನಕ್ಕಿಂತ ಮುನ್ನೂರು ವರ್ಷ ಹಿಂದಿನ ಕಾಲ ಬರುತ್ತದೆ. ಗೋರಿಯಲ್ಲಿ ಸಿಕ್ಕಿದ ಇದ್ದಿಲು ಪಕ್ಕದ ಕತ್ತಿಯ ವಯಸ್ಸನ್ನು ಹೇಳಬೇಕಾದರೆ, ಇವೆರಡೂ ಒಂದೇ ದಿನ ಅಲ್ಲಿಗೆ ಬಂದವೆಂದು ಅಗೆದವರು ತೋರಿಸಿಕೊಡಬೇಕು. ಗಾಳಿಯಲ್ಲಿನ ಆ ವಿಶೇಷ ಇಂಗಾಲವೂ ಎಲ್ಲ ಕಾಲದಲ್ಲಿ ಒಂದೇ ಸಮ ಇದ್ದದ್ದಲ್ಲ. ಮರದ ವರ್ಷಬಳೆಗಳನ್ನು ಎಣಿಸಿ ತಯಾರಿಸಿದ ತಿದ್ದುಪಡಿಯ ರೇಖೆಯೊಂದಿದೆ. ಆ ರೇಖೆ ಕ್ರಿ.ಪೂ. 800ರಿಂದ 400ರವರೆಗೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗಿದೆ. ಆ ನಾನೂರು ವರ್ಷದಲ್ಲಿ ಯಾವಾಗ ಕಡಿದ ಮರವಾದರೂ ಉತ್ತರ ಬಹುಮಟ್ಟಿಗೆ ಒಂದೇ. ದಕ್ಷಿಣದ ಕಬ್ಬಿಣದ ಕೆಲಸ ಬಹುವಾಗಿ ಹರಡಿದ ಕಾಲ ಅದೇ ಆಗಿರುವುದು ನಮ್ಮ ದುರದೃಷ್ಟ.

ಶಿವಗಳೈಯ ವಿಷಯವನ್ನೇ ನೋಡಿ. ಅಲ್ಲಿಯದೇ ಒಂದು ಗುಡಾಣದಲ್ಲಿದ್ದ ಭತ್ತದ ಕಾಳಿಗೆ ಕ್ರಿ.ಪೂ. 1155 ಎಂಬ ಕಾಲ ಬಂದದ್ದನ್ನು 2021ರಲ್ಲಿ ಪ್ರಕಟಿಸಿದ್ದರು. ಭತ್ತ ಒಂದು ವರ್ಷದ ಬೆಳೆ; ಮರದಂತೆ ಮುನ್ನೂರು ವರ್ಷದ ಅನುಮಾನ ಅದರಲ್ಲಿಲ್ಲ. ಅದೇ ಸ್ಮಶಾನದ ಬೇರೆ ಗುಡಾಣಗಳಿಂದ ಅದಕ್ಕಿಂತ ಎರಡು ಸಾವಿರ ವರ್ಷ ಹಿಂದಿನ ಕಾಲ ಬಂದಿದೆ. ಎರಡೂ ನಿಜವಿರಬಹುದು, ತಲೆತಲಾಂತರವಾಗಿ ಒಂದೇ ಜಾಗದಲ್ಲಿ ಹೂಳುತ್ತಿದ್ದಿರಬಹುದು. ಒಂದಕ್ಕಿಂತ ಹೆಚ್ಚು ಪ್ರಯೋಗಶಾಲೆಗಳಿಗೆ ಮಾದರಿ ಕಳುಹಿಸಿದ್ದು ಅಲ್ಲಿನವರ ಎಚ್ಚರಿಕೆಯನ್ನು ತೋರಿಸುತ್ತದೆ. ಆದರೂ ಅಷ್ಟು ಹಳೆಯ ಒಲೆ, ಅಷ್ಟು ಹಳೆಯ ಕಿಟ್ಟ ಎಲ್ಲಿ ಎಂಬ ಪ್ರಶ್ನೆಯನ್ನು ಕೇಳುವವನು ತಮಿಳರ ವೈರಿಯಲ್ಲ. ನಾಳೆ ನಮ್ಮ ಬ್ರಹ್ಮಗಿರಿಯಿಂದಲೊ ಮಸ್ಕಿಯಿಂದಲೊ ಅಂಥದೇ ಅಂಕಿ ಬಂದರೆ ನಾವು ಅದೇ ಪ್ರಶ್ನೆಯನ್ನು ಅದೇ ಧ್ವನಿಯಲ್ಲಿ ಕೇಳಬಲ್ಲೆವೆ? ನೆರೆಯವರ ಹೊಲವನ್ನು ಅಳೆಯುವ ಹಗ್ಗದಿಂದಲೇ ನಮ್ಮ ಹೊಲವನ್ನೂ ಅಳೆಯುತ್ತೇವೆಯೆ ಎಂಬುದರಲ್ಲಿ ನಮ್ಮ ಪ್ರಾಮಾಣಿಕತೆಯ ಪರೀಕ್ಷೆಯಿದೆ.

ಪ್ರಯೋಗಶಾಲೆಯಿಂದ ಬರುವ ಕಾಗದದಲ್ಲಿ ಯಾವ ಕಾಲವೂ ಒಂಟಿಯಾಗಿ ಬರುವುದಿಲ್ಲ. '2,900 ವರ್ಷ, ಹೆಚ್ಚುಕಡಿಮೆ 100' ಎಂಬಂತೆ ಬರುತ್ತದೆ. ಆ ಹೆಚ್ಚುಕಡಿಮೆಯ ಅರ್ಥ ಇಷ್ಟು: ನಿಜವಾದ ಅಂಕಿ ಈ ಮಿತಿಯೊಳಗೆ ಇರುವ ಸಂಭವ ಮೂರರಲ್ಲಿ ಎರಡು ಪಾಲು, ಮಿತಿಯನ್ನು ಇಮ್ಮಡಿ ಮಾಡಿದರೆ ನೂರಕ್ಕೆ ತೊಂಬತ್ತೈದು. ವಿಜ್ಞಾನಿಯ ಮೇಜಿನಿಂದ ಸಭೆಯ ವೇದಿಕೆಗೆ, ಅಲ್ಲಿಂದ ಪತ್ರಿಕೆಯ ತಲೆಬರಹಕ್ಕೆ, ಅಲ್ಲಿಂದ ನಮ್ಮ ಬೀದಿಗೆ ಬರುವುದರೊಳಗೆ ಆ ಹೆಚ್ಚುಕಡಿಮೆ ಕಳಚಿಬಿದ್ದಿರುತ್ತದೆ. ದೊಡ್ಡ ಅಂಕಿಯೊಂದೇ ಬಂದು ತಲುಪುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಸಣ್ಣ ಮಾತನ್ನು ಬಿಟ್ಟಿರುತ್ತಾರೆ, ಅಷ್ಟೆ. ನ್ಯಾಯಾಲಯದಲ್ಲಿ ಸಾಕ್ಷಿ 'ನೋಡಿದ ಹಾಗಿತ್ತು' ಎಂದದ್ದನ್ನು 'ನೋಡಿದೆ' ಎಂದು ಬರೆದುಕೊಂಡರೆ ಒಬ್ಬನಿಗೆ ಶಿಕ್ಷೆಯಾಗಿಬಿಡಬಹುದು. ಇಲ್ಲಿ ಯಾರಿಗೂ ಶಿಕ್ಷೆಯಿಲ್ಲವಾದ್ದರಿಂದ ನಮಗೆ ಅದು ತಪ್ಪೆಂದು ತೋರುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಯಾರಿಗೂ ಶಿಕ್ಷೆಯಾಗದ ಕಡೆ ಅನ್ಯಾಯವುಂಟೆ? ಸತ್ತವನಿಗೆ ನೋವಿಲ್ಲ, ಆದ್ದರಿಂದ ಅನ್ಯಾಯವಿಲ್ಲ ಎಂದು ವಾದಿಸಬಹುದು. ಆದರೆ ನಾವು ಹಾಗೆ ನಡೆದುಕೊಳ್ಳುವುದಿಲ್ಲ. ಸತ್ತವನ ಮರಣಶಾಸನವನ್ನು ಮುರಿದರೆ ತಪ್ಪೆನ್ನುತ್ತೇವೆ. ಅವನು ಬರೆದ ಪುಸ್ತಕದ ಮೇಲೆ ಬೇರೊಬ್ಬರ ಹೆಸರು ಹಾಕಿದರೆ ಕಳವು ಎನ್ನುತ್ತೇವೆ. ಅವನಿಗೆ ನೋವಾಗುತ್ತದೆಂದು ಅಲ್ಲ, ಅದು ಅವನದೆಂದು. ದೇಹ ಹೋದಮೇಲೂ ಮನುಷ್ಯನದಾಗಿ ಉಳಿಯುವುದು ಒಂದುಂಟು. ಅವನು ಇದ್ದ, ಇಂಥ ಕಾಲದಲ್ಲಿ ಇಂಥದನ್ನು ಮಾಡಿದ ಎಂಬುದು. ಹೆಸರುಳ್ಳವನಿಗೆ ಹೆಸರಿನ ಆಸರೆಯಾದರೂ ಇದೆ. ಹಳ್ಳೂರಿನ ಕಮ್ಮಾರನಿಗೆ ಹೆಸರೂ ಇಲ್ಲ. ಅವನ ಪಾಲಿಗೆ ಉಳಿದಿರುವುದು ಮಾಡಿದ ಕೆಲಸ ಮತ್ತು ಮಾಡಿದ ಕಾಲ, ಎರಡೇ. ಆ ಕಾಲವನ್ನು ನಮ್ಮ ಅನುಕೂಲಕ್ಕೆ ಸಾವಿರ ವರ್ಷ ಹಿಂದಕ್ಕೆ ನೂಕಿದರೆ ಅವನನ್ನು ಗೌರವಿಸಿದಂತಾಗುವುದಿಲ್ಲ. ಅವನನ್ನು ಅಳಿಸಿ ಆ ಜಾಗದಲ್ಲಿ, ಎಂದೂ ಇಲ್ಲದಿದ್ದ ಇನ್ನೊಬ್ಬನನ್ನು ನಿಲ್ಲಿಸಿದಂತಾಗುತ್ತದೆ. ಹಳ್ಳಿಯವರು ಅವನ ಗೋರಿಯನ್ನು ಪಾಂಡವರದೆಂದದ್ದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ನಮ್ಮ ಅಂಗಡಿಯವರ ಮಾತಿಗೂ ಉತ್ತರ ಇಲ್ಲಿಯೇ ಇದೆ. ತೋಳಿನ ನೋವು ಎಲ್ಲ ಕಾಲಕ್ಕೂ ಒಂದೇ ಎಂಬುದು ನಿಜ. ಆದರೆ ಯಾವಾಗ ಎಂಬುದನ್ನು ತಿಳಿಯದೆ ಆ ಮನುಷ್ಯನನ್ನು ತಿಳಿಯಲಾರೆವು. ಅವನು ಸುತ್ತಲಿನವರೆಲ್ಲ ಕಲ್ಲಿನ ಕೊಡಲಿ ಹಿಡಿದಿದ್ದಾಗ ಮೊದಲ ಬಾರಿಗೆ ಕೆಂಪುಮಣ್ಣಿನೊಳಗೆ ಲೋಹವನ್ನು ಕಂಡವನೊ, ಅಪ್ಪನಿಂದ ಕಲಿತ ವಿದ್ಯೆಯನ್ನು ಮಗನಿಗೆ ಹೇಳಿಕೊಟ್ಟ ನೂರನೆಯ ತಲೆಯವನೊ? ಮೊದಲನೆಯವನಾದರೆ ಅವನ ಧೈರ್ಯವನ್ನು ಮೆಚ್ಚಬೇಕು, ನೂರನೆಯವನಾದರೆ ಅವನ ನಿಷ್ಠೆಯನ್ನು. ಕಾಲ ತಪ್ಪಾದರೆ ನಮ್ಮ ಮೆಚ್ಚಿಕೆಯೂ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಹಳೆಯದೆಂಬುದೇ ಹಿರಿಮೆಯೆ ಎಂಬ ಇನ್ನೊಂದು ಮಾತು ಉಳಿಯಿತು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ನಾಡಿನಲ್ಲಿ ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ಬಹುಕಾಲ ನಡೆಯಿತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಚೂರುಗಳು ಸಿಕ್ಕಿವೆ. ಮೆದು ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿ, ಹಸಿರೆಲೆಗಳ ಜೊತೆಗೆ ಮೂಸೆಯೊಳಗಿಟ್ಟು, ಮಣ್ಣಿನಿಂದ ಬಾಯಿ ಮುಚ್ಚಿ ಕಾಯಿಸುವುದು ಅದರ ಕ್ರಮ. ಟಿಪ್ಪುಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣದ ಒಲೆಗಳನ್ನೂ ಉಕ್ಕಿನ ಮೂಸೆಗಳನ್ನೂ ಕಣ್ಣಾರೆ ಕಂಡು, ಯಾರಿಗೆ ಎಷ್ಟು ಪಾಲು ಸಲ್ಲುತ್ತಿತ್ತೆಂಬ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಇಂಥ ಉಕ್ಕಿನ ಮೇಲೆ 1795ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ ಪ್ರಬಂಧ ಓದಿದ. ಮುಂದೆ ಮೈಕೆಲ್ ಫ್ಯಾರಡೆ ಅದನ್ನು ಪರೀಕ್ಷಿಸಿದ. ನಮ್ಮ 'ಉಕ್ಕು' ಎಂಬ ಮಾತೇ ಅವರ ನಾಲಗೆಯಲ್ಲಿ 'ವೂಟ್ಸ್' ಆಯಿತೆಂದು ಬಹುಮಂದಿಯ ಮತ.

ಬುಕಾನನ್ ಕಂಡ ಆ ಒಲೆಗಳಿಗೆ ಮೂರು ಸಾವಿರ ವರ್ಷದ ವಯಸ್ಸಿಲ್ಲ. ಅವು ಅವನ ಕಣ್ಣೆದುರಿಗೆ ಉರಿಯುತ್ತಿದ್ದ ಒಲೆಗಳು. ಆದಕಾರಣ ಅವುಗಳ ಮುಂದೆ ಬೆವರಿದವರು ಕೀಳೆ? 1923ರಲ್ಲಿ ಭದ್ರಾವತಿಯಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಲು ತೊಡಗಿದರು. ಅವರು ಹಳ್ಳೂರಿನವರಿಗಿಂತ ಮೂರು ಸಾವಿರ ವರ್ಷ ಈಚಿನವರು. ಅವರ ಕೆಲಸ ಅಷ್ಟರ ಮಟ್ಟಿಗೆ ಕಡಿಮೆಯೆ? ಹಳೆಯದಕ್ಕೇ ಬೆಲೆಯಾದರೆ ಕಲಿತವರೆಲ್ಲ ಕಲಿಸಿದವರಿಗಿಂತ ಕೀಳಾಗಬೇಕು. ವಿದ್ಯೆ ಎಂಬುದು ಇಳಿಯುತ್ತ ಹೋಗುವ ಆಸ್ತಿಯಾಗಬೇಕು. ನಾವು ಮಕ್ಕಳನ್ನು ಶಾಲೆಗೆ ಕಳುಹಿಸುವುದು ಆ ನಂಬಿಕೆಯಿಂದಲ್ಲ.

ನಮ್ಮ ಹಳಮೆಯ ಹೆಮ್ಮೆಯಲ್ಲಿ ಇನ್ನೊಂದು ಕೊರತೆಯನ್ನೂ ಕಂಡಿದ್ದೇನೆ. ಸಾವಿರಾರು ವರ್ಷದ ಕಬ್ಬಿಣವನ್ನು 'ನಮ್ಮದು' ಎನ್ನುವಾಗ ನಾಡೆಲ್ಲ ಒಂದಾಗುತ್ತದೆ. ಆದರೆ ಊರಿನ ಅಂಚಿನಲ್ಲಿ ಕುಲುಮೆ ಹೂಡಿ ಕುಡುಗೋಲು ತಟ್ಟಿಕೊಟ್ಟವನನ್ನು ಅದೇ ನಾಡು ಪಂಕ್ತಿಯಲ್ಲಿ ಎಲ್ಲಿ ಕೂಡಿಸಿತ್ತೆಂಬುದನ್ನು ನಮ್ಮ ಅಂಗಡಿಯವರ ಅಜ್ಜ ಇದ್ದಿದ್ದರೆ ಹೇಳುತ್ತಿದ್ದರು. ಕೆಲಸದ ಕೀರ್ತಿಯನ್ನು ತೆಗೆದುಕೊಂಡು ಕೆಲಸದವನನ್ನು ಬಿಡುವುದು ಲೆಕ್ಕದಲ್ಲಿ ಮೋಸವೇ ಸರಿ.

ಇದಿಷ್ಟೂ ಬರಿಯ ವಿಚಾರವಾಗಿ ಉಳಿಯಬೇಕಾಗಿಲ್ಲ, ಮಾಡಬೇಕಾದದ್ದೂ ಇದೆ. ಕಾಲವನ್ನು ತಿಳಿಯುವ ಕ್ರಮಗಳೆಲ್ಲ ಸಾಕ್ಷಿಯನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತವೆ. ಪರೀಕ್ಷೆಗೆ ಹೋದ ಇದ್ದಿಲು ಸುಟ್ಟುಹೋಗುತ್ತದೆ. ಅಗೆದ ಪದರವನ್ನು ಮತ್ತೆ ಮುಚ್ಚಿದರೂ ಅದು ಹಿಂದಿನಂತೆ ಆಗುವುದಿಲ್ಲ. ಹಳ್ಳೂರು ಬಾಯಿ ಬಿಡುವುದಕ್ಕೆ ಲಿಬ್ಬಿಯ ಕ್ರಮ ಬರಬೇಕಾಯಿತು, ಅಲ್ಲಿಯವರೆಗೆ ಇದ್ದಿಲು ನೆಲದೊಳಗೆ ಕಾದಿತ್ತು. ಹಿಂದೆ ಹಿಡಿ ಹಿಡಿ ಬೇಕಾಗಿದ್ದ ಇದ್ದಿಲು ಈಗ ಸಾಸಿವೆಯಷ್ಟಿದ್ದರೆ ಸಾಕು. ನಾಳೆ ಇನ್ನೂ ಸೂಕ್ಷ್ಮವಾದ ಕ್ರಮ ಬರುತ್ತದೆ. ಆದ್ದರಿಂದ ಪ್ರತಿ ನಿವೇಶನದಲ್ಲಿಯೂ ಒಂದು ಪಾಲನ್ನು ಮುಟ್ಟದೆ ಬಿಡುವುದು ಬಲ್ಲ ಪ್ರಾಕ್ತನಜ್ಞರ ಪದ್ಧತಿ. ಅದು ಮುಂದೆ ಹುಟ್ಟುವವರ ಮೇಲಿನ ನಂಬಿಕೆ.

ಆದರೆ ಪ್ರಾಕ್ತನಜ್ಞ ಬಿಟ್ಟದ್ದನ್ನು ಇತರರು ಬಿಡಬೇಕಲ್ಲ. ದೇವಾಲಯವಾದರೆ ನಾಲ್ಕು ಜನ ಅಡ್ಡ ನಿಲ್ಲುತ್ತಾರೆ. ಶಾಸನದ ಕಲ್ಲಿಗೂ ಈಗ ಅಷ್ಟಿಷ್ಟು ಮರ್ಯಾದೆ ಬಂದಿದೆ. ಕಿಟ್ಟದ ಗುಡ್ಡೆಗೆ ಯಾರು ನಿಲ್ಲುತ್ತಾರೆ? ನೋಡುವುದಕ್ಕೆ ಅದು ಕಸ. ಹೊಲ ಸಮ ಮಾಡುವಾಗ ಬದಿಗೆ ತಳ್ಳುವುದು, ರಸ್ತೆಯ ಗುಂಡಿಗೆ ತುಂಬುವುದು, ತಳಪಾಯಕ್ಕೆ ಹಾಕುವುದು ಸುಲಭ. ಒಂದು ಗುಡ್ಡೆ ಹೋದರೆ ಒಂದು ಊರಿನ ಕಮ್ಮಾರರ ಸಂತತಿಯೇ ಮಾತಿಲ್ಲದೆ ಹೋದ ಹಾಗೆ. ವೇದಿಕೆಯ ಮೇಲೆ ಸಾವಿರಗಳನ್ನು ಏಲಂ ಕೂಗುವುದಕ್ಕಿಂತ, ತಾಲ್ಲೂಕಿಗೆ ಎಷ್ಟು ಕಿಟ್ಟದ ಗುಡ್ಡೆಗಳಿವೆ ಎಂದು ಎಣಿಸಿ ನಕ್ಷೆಯಲ್ಲಿ ಗುರುತು ಹಾಕುವುದು ಆ ಹಿರಿಯರಿಗೆ ಸಲ್ಲಿಸುವ ದೊಡ್ಡ ತರ್ಪಣ. ಶಾಲೆಯ ಮೇಷ್ಟರೂ ಹುಡುಗರೂ ಸೇರಿ ಮಾಡಬಹುದಾದ ಕೆಲಸ ಅದು.

'ಹೆಚ್ಚುಕಡಿಮೆ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಸರಿಸುಮಾರು ಎಂಬುದು ಒಂದು. ಏರುಪೇರು, ಅನಾಹುತ ಎಂಬುದು ಇನ್ನೊಂದು. ಒಲೆಯ ಮುಂದೆ ಕುಳಿತು ತಿದಿ ಒತ್ತುತ್ತಿದ್ದವನು ಎರಡನ್ನೂ ಬಲ್ಲವನಾಗಿದ್ದಿರಬೇಕು. ಕಾವನ್ನು ಅಳೆಯುವ ಸಾಧನ ಅವನಲ್ಲಿರಲಿಲ್ಲ. ಉರಿಯ ಬಣ್ಣ ನೋಡಿ ಹೆಚ್ಚುಕಡಿಮೆ ಹಿಡಿಯುತ್ತಿದ್ದ. ತಪ್ಪಿದರೆ ಇಡೀ ದಿನದ ಇದ್ದಿಲು ವ್ಯರ್ಥ. ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದರ ಎಚ್ಚರವಿಲ್ಲದವನಿಗೆ ಆ ಒಲೆಯಿಂದ ಕಬ್ಬಿಣ ಬರುತ್ತಿರಲಿಲ್ಲ. ಅವನ ಕಾಲವನ್ನು ಹೇಳುವ ನಾವೂ ಅಷ್ಟೇ ಎಚ್ಚರದಿಂದ, ಅಂಕಿಯ ಪಕ್ಕದ ಆ ಹೆಚ್ಚುಕಡಿಮೆಯನ್ನು ಬಿಡದೆ ಹೇಳಿದರೆ ಅವನ ಋಣ ಸ್ವಲ್ಪಮಟ್ಟಿಗಾದರೂ ತೀರೀತು.